ಹೊಟ್ಟು ತಿಂದ ನಕ್ಷೆ

ಅಣ್ಣನ ಬೆನ್ನಿನ ಹುಣ್ಣು ಮಾಯುತ್ತಿದೆ ಎಂದು ಓದುಗ ಎಂದೇ ಎಲ್ಲರೂ ಕರೆಯುವ ತಮ್ಮನಿಗೆ ಮೊದಲು ಹೇಳಿದ್ದು ಅವನ ಮೂಗು. ಎಷ್ಟೋ ತಿಂಗಳಿಂದ, ಕೆಲಸ ಮುಗಿಸಿ ಬಂದು ಬಾಗಿಲು ತಳ್ಳಿದರೆ ಸಾಕು, ಒಂದು ನಾತ ಬಂದು ಎದುರುಗೊಳ್ಳುತ್ತಿತ್ತು. ಕೀವು, ಫಿನಾಯಿಲು, ಒದ್ದೆ ಹಾಸಿಗೆ ಮೂರೂ ಕಲೆತು ಹುಟ್ಟಿದ ನಾತ. ಅದು ಪರದೆಯಲ್ಲಿ ಕೂತಿರುತ್ತಿತ್ತು, ಅನ್ನದಲ್ಲಿ ಕೂತಿರುತ್ತಿತ್ತು, ಇಸ್ತ್ರಿ ಮಾಡಿಟ್ಟ ಅಂಗಿಯ ಕಾಲರಿನಲ್ಲೂ ಕೂತು ಅವನ ಜೊತೆ ಆಫೀಸಿಗೂ ಬರುತ್ತಿತ್ತು. ಆವತ್ತು ಬಾಗಿಲು ತೆಗೆದಾಗ ಈರುಳ್ಳಿ ಹುರಿದ ವಾಸನೆ ಮಾತ್ರ ಬಂತು. ಚಪ್ಪಲಿ ಬಿಡುವುದನ್ನೂ ಮರೆತು ಅವನು ಹೊಸ್ತಿಲಲ್ಲೇ ನಿಂತ.

"ಏನಯ್ಯ, ಬೇರೆಯವರ ಮನೆ ಅಂದ್ಕೊಂಡ್ಯಾ?" ಅತ್ತಿಗೆ ಒಳಗಿಂದ ಕೂಗಿದಳು.

"ವಾಸನೆ ಎಲ್ಲಿ ಹೋಯ್ತು ಅತ್ತಿಗೆ?"

"ಅದಕ್ಕೂ ನಮ್ಮ ಸಹವಾಸ ಸಾಕಾಗಿರ್ಬೇಕು!" ಮಂಚದ ಮೇಲಿಂದ ಅಣ್ಣ ಅಂದ. "ಬಾ ಇಲ್ಲಿ, ನನ್ನ ಬೆನ್ನು ನೋಡು. ನನಗಂತೂ ಕಾಣಲ್ಲ, ಮುಟ್ಟಿದ್ರೂ ಗೊತ್ತಾಗಲ್ಲ. ಹುಣ್ಣು ನನ್ನದು, ಅದರ ಸುಖದುಃಖ ಎಲ್ಲ ನಿಮ್ಮದು."

ಅಣ್ಣ ಲಾರಿ ಓಡಿಸುತ್ತಿದ್ದವನು. ಹೇರಿದ ಮಾಲಿಗೆ ಹಗ್ಗ ಬಿಗಿಯುವಾಗ ಮೇಲಿಂದ ಜಾರಿ ಬಿದ್ದ ಮೇಲೆ ಸೊಂಟದ ಕೆಳಗಿನದೆಲ್ಲ ಮಲಗಿಬಿಟ್ಟಿತು. ನಾಲಿಗೆ ಮಾತ್ರ ಎದ್ದೇ ಇತ್ತು. ಹಾಗೆ ಮಲಗಿದವರಿಗೆ ಒತ್ತಿದ ಜಾಗದಲ್ಲಿ ಚರ್ಮ ಕೊಳೆತು ಹುಣ್ಣಾಗುತ್ತದೆ. ಬೆವರು, ಉಚ್ಚೆ ನಿಂತರೆ ಇನ್ನೂ ಬೇಗ. ಒಮ್ಮೆ ಮಾಯ್ದ ಹುಣ್ಣು ಮತ್ತೆ ಬಾಯಿ ಬಿಟ್ಟರೆ ಮೂಳೆಗೆ ಇಳಿಯುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು.

ಅತ್ತಿಗೆ ಅವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಳು. ಮೊನ್ನೆ ಮೊನ್ನೆಯವರೆಗೆ ಹಸಿ ಮಾಂಸ ಕಾಣುತ್ತಿದ್ದ ಕಡೆ ತೆಳ್ಳನೆಯ ಗುಲಾಬಿ ಚರ್ಮ ಬಂದಿತ್ತು. ಕೆಳಗೆ ಹಾಸಿದ್ದು, ಓದುಗ ಆಫೀಸಿನ ನಮೂನೆ ಕೋಣೆಯಿಂದ ತಂದಿದ್ದ ಹಾಸು. ದಪ್ಪ ಜಾಲರಿ ಬಟ್ಟೆಯನ್ನು ಪದರ ಪದರವಾಗಿ ಹೊಲಿದದ್ದು. ನೀರು ಕೆಳಕ್ಕಿಳಿಯುತ್ತದೆ, ಗಾಳಿ ಮೇಲಕ್ಕೆ ಬರುತ್ತದೆ, ಒಗೆದು ಹರವಿದರೆ ಬೇಗ ಒಣಗುತ್ತದೆ. ಇದ್ದದ್ದು ಒಂದು ಜೊತೆ. ಒಂದು ಮೈ ಕೆಳಗಿದ್ದರೆ ಇನ್ನೊಂದು ತಂತಿಯ ಮೇಲೆ.

"ಒಗೆದೂ ಒಗೆದೂ ಅಂಚು ಬಿಡ್ತಾ ಇದೆ. ಅಂಗಡಿಗೆ ಯಾವಾಗ ಬರತ್ತಯ್ಯ ಇದು?" ಅಂದಳು ಅತ್ತಿಗೆ.

"ಕಂಪನಿಯ ಈ ಸಲದ ಯೋಜನೆಯಲ್ಲಿ ಬಂದೇ ಬರತ್ತೆ ಅತ್ತಿಗೆ. ಕಣ್ಣಿಗೆ ಕಾಣೋ ಹಾಗಿದೆಯಲ್ಲ, ಯಾರು ಬೇಡ ಅಂತಾರೆ?"

ಓದುಗ ಎಂಬುದು ಅವನ ಹೆಸರಲ್ಲ, ಕೆಲಸ. ಹಾಸಿಗೆ ಹಿಡಿದವರಿಗೆ ಬೇಕಾದ ಮಂಚ, ಬೆಡ್‌ಪ್ಯಾನು, ಹಾಸು, ದಿಂಬು ಮಾಡುವ ಕಂಪನಿ ಅದು. ಅಲ್ಲಿ ಅವನ ಕೆಲಸ ಪೇಟೆಂಟು ಓದುವುದು. ಯಾರಾದರೂ ಹೊಸ ಉಪಾಯ ಕಂಡುಹಿಡಿದರೆ, ಇದು ನನ್ನದು, ಇಷ್ಟು ವರ್ಷ ಬೇರೆ ಯಾರೂ ಮಾಡಿ ಮಾರಕೂಡದು ಎಂದು ಸರ್ಕಾರದಲ್ಲಿ ಬರೆಸಿಡುತ್ತಾರೆ. ಬರೆಸಿದ್ದು ಲೋಕಕ್ಕೆಲ್ಲ ತೆರೆದಿರುತ್ತದೆ. ಅದನ್ನೆಲ್ಲ ಓದಿ, ಇಲ್ಲಿ ಕಾಲಿಡಬೇಡಿ, ಅಲ್ಲಿ ಜಾಗ ಇದೆ ಎಂದು ಹೇಳುತ್ತ ಅವನ ಕೂದಲು ನೆರೆತಿತ್ತು. ಆಫೀಸಿನಲ್ಲಿ ಎಲ್ಲರೂ, ಕಸ ಗುಡಿಸುವಾಕೆ ಕೂಡ, ಅವನನ್ನು ಓದುಗರೇ ಎಂದೇ ಕರೆಯುತ್ತಿದ್ದರು.

ಮುಂದಿನ ವರ್ಷ ಏನು ಮಾಡಬೇಕು ಎಂಬುದನ್ನು ಹಿಂದೆಲ್ಲ ಒಂದು ಉದ್ದನೆಯ ಮೇಜಿನ ಸುತ್ತ ಕೂತು ತೀರ್ಮಾನಿಸುತ್ತಿದ್ದರು. ಮೇಜಿನ ಮೇಲೆ ನಮೂನೆಗಳು, ಸುತ್ತ ಮಾರಾಟದವರು, ಹೊಲಿಗೆಯವರು, ಯಾವುದೋ ಆಸ್ಪತ್ರೆಯ ದಾದಿ. ಬೈದಾಟ, ನಗೆ, ಟೀ. ಹೊಸ ಯೋಜನಾ ಮುಖ್ಯಸ್ಥ ಬಂದ ಮೇಲೆ ಮೇಜು ಖಾಲಿಯಾಯಿತು, ಗೋಡೆ ತುಂಬಿತು. ಅವನು ಒಂದು ಯಂತ್ರ ತರಿಸಿದ್ದ. ಲೋಕದ ಪೇಟೆಂಟುಗಳನ್ನೆಲ್ಲ ಅದರ ಬಾಯಿಗೆ ಸುರಿದರೆ ಯಾವ ಮಾತು ಯಾವ ಮಾತಿನ ಜೊತೆ ಬರುತ್ತದೆ, ಯಾವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ ಎಂದು ಎಣಿಸಿ ಗೋಡೆಯ ಮೇಲೆ ಒಂದು ನಕ್ಷೆ ಬಿಡಿಸುತ್ತಿತ್ತು. ಮಂದಿ ಹೆಚ್ಚು ಬರೆಯುತ್ತಿರುವ ವಿಷಯ ಕೆಂಪಗೆ ಊದಿದ ಗುಳ್ಳೆ. ಯಾರೂ ಬರೆಯದ ವಿಷಯ ಬೂದು ಚುಕ್ಕೆ. ಆ ಸಾಹೇಬನಿಗೆ ಗುಳ್ಳೆ ಸಾಹೇಬ ಎಂಬ ಹೆಸರು ಅಂಟಿಕೊಳ್ಳಲು ಒಂದೇ ಸಭೆ ಸಾಕಾಯಿತು.

"ಕೆಂಪು ಅಂದ್ರೆ ಬೆಳೀತಿದೆ ಅಂತ. ಬೂದು ಅಂದ್ರೆ ಸತ್ತಿದೆ," ಎಂದು ಗುಳ್ಳೆ ಸಾಹೇಬ ಕಡ್ಡಿಯಂಥ ದೀಪದಿಂದ ತೋರಿಸಿದ. "ಮಾತಾಡೋ ಮಂಚ! ನೋಡಿ ಹೇಗೆ ಊದಿದೆ. ಲೋಕವೆಲ್ಲ ಈ ಕಡೆ ಓಡ್ತಿದೆ. ನಮ್ಮ ಮುಂದಿನ ವರ್ಷಗಳು ಇಲ್ಲಿವೆ."

ಓದುಗ ಗೋಡೆ ನೋಡಿದ. ದಿನಾ ಮನೆಯಲ್ಲಿ ಹುಣ್ಣು ನೋಡುವವನಿಗೆ ಅದು ನಕ್ಷೆಯಾಗಿ ಕಾಣಲಿಲ್ಲ. ಯಾರದೋ ಬೆನ್ನಿನ ಚರ್ಮ ಸುಲಿದು ಗೋಡೆಗೆ ಬಿಗಿದ ಹಾಗಿತ್ತು. ಅಂಚು ಕೆಂಪಗೆ, ನಡುವೆ ಹಳದಿಗೆ ತಿರುಗಿದ ಆ ಗುಳ್ಳೆಗಳ ಮುಂದೆ ಮಂದಿ ಬಿಸ್ಕತ್ತು ಮೆಲ್ಲುತ್ತ ತಲೆದೂಗುತ್ತಿದ್ದರು. ಅವನು ತನ್ನ ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸು ಇಟ್ಟ.

"ಜಾಲರಿ ಹಾಸು ಎಲ್ಲಿದೆ ಸಾರ್?" ಎಂದು ಕೇಳಿದ.

ದೀಪದ ಚುಕ್ಕೆ ಮೂಲೆಯೊಂದಕ್ಕೆ ಸರಿಯಿತು. ಅಲ್ಲೊಂದು ಬೂದು ಕಣ. "ಒಗೆಯೋ ಹಾಸುಗಳು. ವರ್ಷಗಳಿಂದ ಯಾರೂ ಒಂದಕ್ಷರ ಬರೆದಿಲ್ಲ. ಸತ್ತ ಜಾಗ."

"ನಮ್ಮಣ್ಣನ ಹುಣ್ಣು ಅದರ ಮೇಲೇ ವಾಸಿ ಆಗ್ತಾ ಇದೆ ಸಾರ್."

"ತುಂಬಾ ಸಂತೋಷ ಓದುಗರೇ," ಅಂದ ಗುಳ್ಳೆ ಸಾಹೇಬ, ನಿಜಕ್ಕೂ ಸಂತೋಷದಿಂದಲೇ. "ಆದ್ರೆ ಒಬ್ಬರ ಬೆನ್ನು ನಕ್ಷೆ ಆಗಲ್ಲ. ಮುಂದಿನ ಯೋಜನೆಗೆ ನೋಡೋಣ. ಅಷ್ಟರಲ್ಲಿ ಆ ಜಾಗ ಬಿಸಿಯಾದ್ರೆ ಸೇರಿಸೋಣ."

ಹಾಸು ಹೊಲಿದಾಕೆಯನ್ನು ಎಲ್ಲರೂ ಹೊಲಿಗೆಯಕ್ಕ ಅನ್ನುತ್ತಿದ್ದರು. ಯಾವುದೋ ಕೆಲಸಕ್ಕೆ ತರಿಸಿ ಉಳಿದಿದ್ದ ಜಾಲರಿ ಬಟ್ಟೆ ಜಾಗ ತಿನ್ನುತ್ತಿದೆ ಎಂದು ಮಡಚಿ ಹೊಲಿದಿದ್ದಳು, ಅದು ಹಾಸಾಗಿತ್ತು. ಅವಳು ಸುದ್ದಿ ಕೇಳಿ ಕತ್ತರಿ ಕೆಳಗಿಟ್ಟಳು.

"ಮಾತಾಡೋ ಮಂಚ ಯಾಕಂತೆ? ಮನೇಲಿ ಮಾತಾಡೋರು ಕಮ್ಮಿಯೇ? ನಮ್ಮತ್ತೇನ ಕೊಡ್ತೀನಿ, ಕಟ್ಟಿಕೊಂಡು ಹೋಗ್ಲಿ, ಕರೆಂಟೂ ಬೇಕಾಗಿಲ್ಲ."

ಓದುಗನಿಗೆ ನಗೆ ಬರಲಿಲ್ಲ. ಅವನಿಗೊಂದು ಸಂಶಯ ಹತ್ತಿತ್ತು. ಇಷ್ಟು ಕಾಲ ಓದಿದವನು ತಾನು, ಈ ಮಾತಾಡುವ ಮಂಚ ಅದು ಯಾವಾಗ ಇಷ್ಟು ಊದಿತು? ತನ್ನ ಕೋಣೆಗೆ ಹೋಗಿ ಆ ಕೆಂಪು ಗುಳ್ಳೆಯ ಒಳಗಿದ್ದ ಪೇಟೆಂಟುಗಳನ್ನು ಒಂದೊಂದಾಗಿ ತೆಗೆದು ಓದತೊಡಗಿದ. ಯಂತ್ರ ಎಣಿಸುತ್ತದೆ, ಓದುವುದಿಲ್ಲ. ಓದಿದರೆ ಅದೂ ವಾಂತಿ ಮಾಡುತ್ತಿತ್ತೇನೋ. ಮಂಚ ರೋಗಿಗೆ ಜೋಗುಳ ಹಾಡುತ್ತದೆ. ಮಂಚ ರೋಗಿಯ ಹೂಸಿನ ಸದ್ದು ಗುರುತಿಸಿ ಮಗನ ಫೋನಿಗೆ ತಿಳಿಸುತ್ತದೆ. ಮಂಚ ಮಲದ ಬಣ್ಣ ನೋಡಿ ಶುಭಾಶಯ ಹೇಳುತ್ತದೆ. ಕೆಲವು ಅರ್ಜಿಗಳಲ್ಲಿ ಒಂದು ಪುಟ ಎತ್ತಿ ಇನ್ನೊಂದಕ್ಕೆ ಅಂಟಿಸಿ ಮಂಚ ಎಂಬಲ್ಲಿ ಕುರ್ಚಿ ಎಂದು ಬದಲಿಸಿದ್ದರು, ಅಷ್ಟೇ. ಮಾಡಬೇಕೆಂಬ ಆಸೆಯಿಂದ ಬರೆದದ್ದು ಒಂದೂ ಇರಲಿಲ್ಲ. ಅರ್ಜಿ ಹಾಕಿದವರ ಹೆಸರು ಬೇರೆ ಬೇರೆ. ಹೆಚ್ಚಿನವನ್ನು ಬರೆದ ಕೈ ಮಾತ್ರ ಅವನಿಗೆ ಚೆನ್ನಾಗಿ ಪರಿಚಯವಿದ್ದ ಕೈ.

ಆ ಕೈ ಕರಡು ವಕೀಲರದು. ಕಂಪನಿಯ ಪೇಟೆಂಟುಗಳನ್ನೆಲ್ಲ ಬರೆದುಕೊಡುವ ವಕೀಲರು ಕೆಳಗಿನ ಮಹಡಿಯಲ್ಲಿ ಕಡತಗಳ ನಡುವೆ ಬಿಲದಲ್ಲಿ ಕೂತ ಹಾಗೆ ಕೂತಿರುತ್ತಿದ್ದರು. ಓದುಗ ಹೋದಾಗ ಟೀಯ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ಎತ್ತಿ ಮೇಜಿನ ಅಡಿಗೆ ಒರೆಸಿದರು.

"ಮಾತಾಡೋ ಮಂಚ ನಿಮ್ಮದೇನಾ ವಕೀಲರೇ?"

"ಅರ್ಧಕ್ಕಿಂತ ಹೆಚ್ಚು ನನ್ನದೇ!" ವಕೀಲರು ಹಲ್ಲು ಬಿಟ್ಟರು. "ಈಗ ಗೊತ್ತಾಯ್ತಾ? ಹೊಟ್ಟು ಅಂತೀವಿ ನಾವು ಅದಕ್ಕೆ. ನಾವು ನಿಜಕ್ಕೂ ಮಾಡೋ ಕಾಳು ಎಲ್ಲಿದೆ ಅಂತ ಎದುರು ಕಂಪನಿಗೆ ಗೊತ್ತಾಗಬಾರ್ದು ಅಂದ್ರೆ ಯಾರ್ಯಾರದೋ ಹೆಸರಲ್ಲಿ ಗಾಳಿಗೆ ಒಂದಷ್ಟು ಹೊಟ್ಟು ತೂರಬೇಕು. ಅವರ ಹತ್ರಾನೂ ಇಂಥದೇ ಯಂತ್ರ ಇದೆ. ಅದರ ಕಣ್ಣಿಗೆ ಬೀಳಲಿ ಅಂತ. ಹಳೇ ದೊಡ್ಡ ಸಾಹೇಬರ ಕಾಲದಿಂದ ನಡೀತಾ ಇದೆ. ವರ್ಷಕ್ಕೆ ಇಷ್ಟು ತೂರಬೇಕು ಅಂತ ಲೆಕ್ಕಾನೇ ಇದೆ."

"ಉಳಿದದ್ದು?"

"ಎದುರು ಕಂಪನಿಯದು. ಬರೆಯೋನು ನನ್ನ ಷಡ್ಡಕ. ನನ್ನ ಹೆಂಡ್ತಿ ತಂಗೀನ ಕೊಟ್ಟಿರೋದು ಅವನಿಗೇ. ಊಟಕ್ಕೆ ಕೂತಾಗ ಇದೇ ತಮಾಷೆ. ನನ್ನ ಹೊಟ್ಟು ನೋಡಿ ಅವನ ಸಾಹೇಬ ಹೆದರ್ತಾನೆ, ನೀನೂ ತೂರು ಅಂತಾನೆ. ಅವನ ಹೊಟ್ಟು ನೋಡಿ ನಿಮ್ಮ ಗುಳ್ಳೆ ಸಾಹೇಬ ಕುಣೀತಾನೆ. ಹೆಣ್ಣು ಕೊಟ್ಟ ಮಾವ ಹೇಳ್ತಾರೆ, ಇಬ್ಬರು ಅಳಿಯಂದಿರೂ ಗಾಳಿ ತಿಂದೇ ದಪ್ಪ ಆದ್ರು ಅಂತ."

ವಕೀಲರು ಹೊಟ್ಟೆ ಕುಣಿಸಿ ನಕ್ಕರು. ಟೀ ತುಳುಕಿ ಯಾವುದೋ ಅರ್ಜಿಯ ಮೇಲೆ ಚೆಲ್ಲಿತು; ಅದನ್ನು ಅಂಗೈಯಿಂದ ಒರೆಸಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಓದುಗ ಎರಡು ಹೆಜ್ಜೆ ಹಿಂದೆ ಸರಿದ. ಮನೆಯಲ್ಲಿ ಕೀವು ಒರೆಸುವಾಗ ಇಂಥ ಹೇಸಿಗೆ ಆಗಿರಲಿಲ್ಲ ಅವನಿಗೆ.

ನೆಟ್ಟಗೆ ಮೇಲೆ ಹೋಗಿ ಗುಳ್ಳೆ ಸಾಹೇಬನಿಗೆ ಎಲ್ಲ ಹೇಳಿದ. ಗುಳ್ಳೆ ಸಾಹೇಬ ಬಾಗಿಲು ಮುಚ್ಚಿದ, ಆದರೆ ಬೆಚ್ಚಲಿಲ್ಲ.

"ಸ್ವಲ್ಪ ಹೊಟ್ಟು ಇರತ್ತೆ ಅಂತ ನನಗೂ ಗೊತ್ತು ಓದುಗರೇ."

"ಸ್ವಲ್ಪ ಅಲ್ಲ ಸಾರ್. ಪೂರ್ತಿ ಹೊಟ್ಟು. ನಮ್ಮ ಸುಳ್ಳನ್ನ ನಾವೇ ನಂಬ್ತಾ ಇದೀವಿ."

"ಎದುರು ಕಂಪನಿಯೋರೂ ಇದೇ ನಕ್ಷೆ ನೋಡ್ತಾರೆ, ಅಲ್ವಾ? ಅವರು ನಂಬಿ ಮಂಚ ಮಾಡಿದ್ರು ಅಂದ್ಕೊಳ್ಳಿ. ನಾವು ಮಾಡಿಲ್ಲ. ಆಗ ಮೇಲಿನವರು ನನ್ನನ್ನ ಕೇಳಲ್ವಾ, ಗೋಡೆ ಮೇಲೆ ಕೆಂಪಗೆ ಕಾಣ್ತಿತ್ತಲ್ಲಯ್ಯ, ಕಣ್ಣು ಎಲ್ಲಿಟ್ಟಿದ್ದೆ ಅಂತ? ನಕ್ಷೆ ನೋಡಿ ತಪ್ಪಿದ್ರೆ ಅದು ನಕ್ಷೆ ತಪ್ಪು. ನಿಮ್ಮಣ್ಣನ ಬೆನ್ನು ನೋಡಿ ತಪ್ಪಿದ್ರೆ ಅದು ನನ್ನ ತಪ್ಪು."

ಅಷ್ಟು ಸಲೀಸಾಗಿ, ಅಷ್ಟು ನಯವಾಗಿ ಹೇಳಿ ಅವನು ಟೇಬಲ್ಲಿನ ಮೇಲಿದ್ದ, ಕೈ ಶುಚಿ ಮಾಡುವ ದ್ರಾವಣವನ್ನು ಅಂಗೈಗೆ ಹಾಕಿಕೊಂಡು ಉಜ್ಜಿದ. ಆ ಕೈಗಳು ಯಾವತ್ತೂ ಚೊಕ್ಕಟವಾಗಿರುತ್ತಿದ್ದವು.

ಓದುಗ ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಆದರೆ ಮನೆಯಲ್ಲಿ ಹಾಸಿನ ಅಂಚು ದಿನದಿಂದ ದಿನಕ್ಕೆ ಬಿಡುತ್ತಿತ್ತು. ಅತ್ತಿಗೆ ಅದಕ್ಕೆ ತೇಪೆ ಹಾಕುತ್ತಿದ್ದಳು. ತೇಪೆ ಹಾಕಿದ ಕಡೆ ಗಂಟಾಗುತ್ತಿತ್ತು. ಗಂಟಾದ ಕಡೆ ಅಣ್ಣನ ಹೊಸ ಚರ್ಮ ಕೆಂಪಗಾಗುತ್ತಿತ್ತು. ಹೊಲಿಗೆಯಕ್ಕನನ್ನು ಕೇಳಿದರೆ, ಆ ಜಾಲರಿ ಮುಗಿಯಿತು, ಯೋಜನೆಯಲ್ಲಿ ಇಲ್ಲದ್ದಕ್ಕೆ ಬಟ್ಟೆ ತರಿಸಿದರೆ ನನ್ನ ತಲೆಯೇ ಹೋಗುತ್ತದೆ ಎಂದಳು. ಅಂಥದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ದಾರಿ ತೋರಿಸಿದವರು ವಕೀಲರೇ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಸಿಕ್ಕಿ, ಹಲ್ಲುಕಡ್ಡಿಯಿಂದ ಹಲ್ಲು ಕೆದಕುತ್ತ ಅಂದರು:

"ನಿಮ್ಮ ಹಾಸು ಕೆಂಪಾಗಬೇಕು, ಅಷ್ಟೇ ತಾನೇ? ಒಂದು ಹಿಡಿ ತೂರಿ. ಈ ವರ್ಷದ ಹೊಟ್ಟಿನ ಲೆಕ್ಕ ಇನ್ನೂ ತುಂಬಿಲ್ಲ. ಬೇಗ ಪ್ರಕಟಿಸಿ ಅಂತ ನಾನು ಅರ್ಜಿ ಹಾಕ್ತೀನಿ. ಮುಂದಿನ ಯೋಜನೆ ಹೊತ್ತಿಗೆ ಯಂತ್ರದ ಬಾಯಿಗೆ ಬಿದ್ದಿರತ್ತೆ."

"ಸುಳ್ಳು ಬರೆಯೋದಾ?"

"ಸುಳ್ಳು ಯಾಕೆ, ಹಾಸೇ ಬರೀರಿ. ಆದ್ರೆ ಒಂದು ಮಾತು ನೆನಪಿಡಿ. ಹೊಟ್ಟಿನಲ್ಲಿ ಕಾಳು ಹಾಕಬಾರ್ದು. ಆ ಜಾಲರಿ, ಆ ಪದರ, ಅದರ ಸುದ್ದೀನೇ ಎತ್ತಬೇಡಿ. ಹೊಟ್ಟಿನ ಅರ್ಜಿಗೆ ನಾವು ಹಕ್ಕು ಪಡೆಯಲ್ಲ, ಎತ್ತಿದ್ರೆ ಅದು ಊರೆಲ್ಲರ ಪಾಲು. ನನ್ನ ಷಡ್ಡಕ ನಾಳೇನೇ ಹೊಲಿಸ್ತಾನೆ. ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಬರೀರಿ."

ಓದುಗ ಮೂರು ದಿನ ಯೋಚಿಸಿದ. ಅಣ್ಣನ ಬೆನ್ನು ಒಂದು ಕಡೆ, ತನ್ನ ವಾಕರಿಕೆ ಇನ್ನೊಂದು ಕಡೆ. ನಾಲ್ಕು ಜನ ಬರೆದ ಕೊಳೆಯನ್ನು ಓದುತ್ತ ಕೂತವನು ತಾನು, ಒಂದಿಷ್ಟು ಬರೆದರೆ ಲೋಕವೇನೂ ಮುಳುಗುವುದಿಲ್ಲ. ನಕ್ಷೆ ಕೆಂಪಾಗಲಿ, ಯೋಜನೆಗೆ ಹಾಸು ಸೇರಲಿ, ಆಮೇಲೆ ನಿಜವಾದ ಹಾಸನ್ನು ತೆಗೆದು ಮುಂದಿಟ್ಟರಾಯಿತು. ಹೀಗೆ ಸಮಾಧಾನ ಹೇಳಿಕೊಂಡು ಕೂತ.

ಊಟದ ಹೊತ್ತಿನಲ್ಲಿ, ಎಲ್ಲರೂ ಎದ್ದು ಹೋದ ಮೇಲೆ ಬರೆಯುತ್ತಿದ್ದ. ಪ್ಲಾಸ್ಟಿಕ್ಕಿನ ಒಳಪದರ ಇರುವ ಹಾಸು. ಒದ್ದೆಯಾದರೆ ಕೂಗುವ ಹಾಸು. ಕೂಗಿದಾಗೆಲ್ಲ ಪರಿಮಳ ಬಿಡುವ ಹಾಸು, ಮಲ್ಲಿಗೆಯದು ಒಂದು, ಗುಲಾಬಿಯದು ಇನ್ನೊಂದು. ಮೊದಲೆರಡು ಬರೆಯಲು ಕಷ್ಟವಾಯಿತು. ಆಮೇಲೆ ಕೈ ತಾನಾಗಿ ಓಡಿತು. ಅಷ್ಟು ವರ್ಷ ಓದಿದ ಹೊಲಸೆಲ್ಲ ಒಳಗೆ ಕೂತಿತ್ತು, ನಲ್ಲಿ ತಿರುಗಿಸಿದ ಹಾಗೆ ಸುರಿಯಿತು. ತನ್ನ ಕೈ ಇಷ್ಟು ಸರಾಗವಾಗಿ ಓಡುವುದನ್ನು ನೋಡಿ ಅವನಿಗೇ ಅಸಹ್ಯವಾಯಿತು. ಬರೆದು ಎದ್ದಾಗಲೆಲ್ಲ ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲುತ್ತಿದ್ದ. ಸಾಬೂನಿನ ಕೆಳಗೂ ಏನೋ ಜಿಡ್ಡು ಉಳಿದ ಹಾಗೆ.

ಒಂದು ದಿನ ಹೊಲಿಗೆಯಕ್ಕ ಬಂದವಳು ಅವನ ಹೆಗಲ ಮೇಲಿಂದ ಇಣುಕಿ ಓದಿಬಿಟ್ಟಳು.

"ಇದು ಏನು ಓದುಗರೇ? ಪ್ಲಾಸ್ಟಿಕ್ ಮೇಲೆ ಮಲಗಿಸಿದ್ರೆ ಬೆನ್ನು ಬೆಂದುಹೋಗಲ್ವಾ?"

"ಇದು ಮಾಡೋಕಲ್ಲಕ್ಕ. ತೋರಿಸೋಕೆ. ನಕ್ಷೆ ಕೆಂಪಾಗ್ಲಿ ಅಂತ. ಮಾಡೋದು ನಿಮ್ಮದನ್ನೇ."

"ತೋರಿಸೋದು ಒಂದು, ಮಾಡೋದು ಒಂದಾ?" ಅವಳು ಮೂಗು ಮುರಿದಳು. "ಹೆಣ್ಣು ನೋಡೋಕೆ ಬಂದೋರಿಗೆ ಅಕ್ಕನ್ನ ತೋರಿಸಿ ತಂಗೀನ ಕಟ್ಟಿದ ಹಾಗೆ. ನಮ್ಮ ಮನೇಲಿ ಹಾಗೇ ಆಗಿದ್ದು. ನಮ್ಮ ಯಜಮಾನ್ರು ಇವತ್ತಿಗೂ ನನ್ನ ಮುಖ ನೋಡಿದಾಗೆಲ್ಲ ಅಕ್ಕನ್ನ ವಿಚಾರಿಸ್ತಾರೆ."

ಆವತ್ತು ಅದು ಬರೀ ತಮಾಷೆಯ ಮಾತಾಗಿತ್ತು.

ಹೊಸ ಯೋಜನೆಯ ಸಭೆ ಬಂತು. ಗೋಡೆಯ ಮೂಲೆಯಲ್ಲಿದ್ದ ಬೂದು ಕಣ ಊದಿಕೊಂಡು ಕೆಂಪು ಗುಳ್ಳೆಯಾಗಿತ್ತು. ಓದುಗ ಊಹಿಸಿದ್ದಕ್ಕಿಂತ ದೊಡ್ಡದಾಗಿ. ಅವನು ತೂರಿದ್ದು ಒಂದು ಹಿಡಿ. ಅದನ್ನು ಕಂಡು ಷಡ್ಡಕ ವಕೀಲನೂ ಒಂದು ಹಿಡಿ ತೂರಿದ್ದ. ಅದನ್ನು ಕಂಡು ನಮ್ಮ ವಕೀಲರು ಲೆಕ್ಕದಲ್ಲಿ ಉಳಿದದ್ದನ್ನೆಲ್ಲ ಅಲ್ಲಿಗೇ ಸುರಿದಿದ್ದರು.

"ನೋಡಿ ಓದುಗರೇ! ನಿಮ್ಮ ಮಾತು ನಿಜವಾಯ್ತು!" ಗುಳ್ಳೆ ಸಾಹೇಬನ ಮುಖ ಅರಳಿತ್ತು. "ಮಾತಾಡೋ ಮಂಚಕ್ಕಿಂತ ಬೇಗ ಬೆಳೀತಿದೆ. ಈ ವರ್ಷ ಹಾಸೇ."

ಓದುಗನ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಚೀಲದಲ್ಲಿ ಅಣ್ಣನ ತೇಪೆ ಹಾಸನ್ನು, ಒಗೆದು ಮಡಚಿ, ತಂದೇ ಬಂದಿದ್ದ. ಅದನ್ನು ಮೇಜಿನ ಮೇಲೆ ಹರವಲು ಎದ್ದ. ಅಷ್ಟರಲ್ಲಿ ಗುಳ್ಳೆ ಸಾಹೇಬ ಒಂದು ಗುಂಡಿ ಒತ್ತಿದ. ಗುಳ್ಳೆ ಒಡೆದು ಅದರ ಒಳಗಿದ್ದ ಮಾತುಗಳು ಗೋಡೆಯ ಮೇಲೆ ಹರಡಿದವು. ಪ್ಲಾಸ್ಟಿಕ್ ಒಳಪದರ. ಕೂಗು. ಪರಿಮಳ.

"ಲೋಕ ಕೇಳ್ತಿರೋದು ಇದನ್ನ. ಇದನ್ನೇ ಮಾಡೋಣ."

"ಅಲ್ಲ ಸಾರ್, ಹಾಸು ಅಂದ್ರೆ ಇದು." ಓದುಗ ತೇಪೆ ಹಾಸನ್ನು ಎತ್ತಿ ಹಿಡಿದ. ಯಾರೋ ಟೀ ಲೋಟವನ್ನು ದೂರ ಸರಿಸಿಕೊಂಡರು. "ಜಾಲರಿಯದು. ಗಾಳಿ ಆಡತ್ತೆ. ಪ್ಲಾಸ್ಟಿಕ್ ಹಾಕಿದ್ರೆ ಹುಣ್ಣಾಗತ್ತೆ ಸಾರ್."

ಗುಳ್ಳೆ ಸಾಹೇಬ ಯಂತ್ರಕ್ಕೆ ಜಾಲರಿ ಎಂಬ ಮಾತು ಕೊಟ್ಟು ಹುಡುಕಿಸಿದ. ಗೋಡೆ ಖಾಲಿ ನಿಂತಿತು. "ಒಂದು ಅರ್ಜಿಯಲ್ಲೂ ಇಲ್ಲ ನೋಡಿ. ಇಷ್ಟು ಜನ ಇಷ್ಟು ಬರೆದಿದ್ದಾರೆ, ಒಬ್ಬರಿಗೂ ಜಾಲರಿ ಬೇಕು ಅನ್ನಿಸಿಲ್ಲ. ಒಳ್ಳೇದಾಗಿದ್ರೆ ಯಾರಾದ್ರೂ ಬರೀತಿರಲಿಲ್ವಾ?"

ಇಲ್ಲ, ಇರಲೇ ಇಲ್ಲ. ಒಂದಕ್ಷರವೂ ನುಸುಳದ ಹಾಗೆ ಕಾವಲು ಕಾದವನು ಓದುಗನೇ. ಅವನು ಹಾಸನ್ನು ಮೇಜಿನ ಮೇಲಿಟ್ಟ.

"ಅವೆಲ್ಲ ನಾನೇ ಬರೆದದ್ದು ಸಾರ್."

ಮೇಜಿನ ಆ ಬದಿಯಲ್ಲಿ ವಕೀಲರು ಕೆಮ್ಮಿದರು.

"ಪ್ಲಾಸ್ಟಿಕ್ಕು, ಪರಿಮಳ, ಕೂಗು, ಎಲ್ಲ ನನ್ನ ಕೈಯಿಂದ ಬಂದ ಹೊಟ್ಟು. ನಕ್ಷೆ ಕೆಂಪಾಗ್ಲಿ ಅಂತ ಬರೆದೆ. ಅದರಲ್ಲಿ ಒಂದೂ ಮಾಡೋ ಅಂಥದ್ದಲ್ಲ."

ಗುಳ್ಳೆ ಸಾಹೇಬ ಅವನನ್ನೇ ನೋಡಿದ. ಬೈಯುತ್ತಾನೆ, ಕೆಲಸದಿಂದ ತೆಗೆಯುತ್ತಾನೆ ಎಂದು ಓದುಗ ಕಾದ. ಹಾಗಾದರೂ ಆಗಲಿ ಎಂದು ಒಳಗೊಳಗೇ ಬೇಡಿಕೊಂಡ. ಸಾಹೇಬನ ಮುಖದಲ್ಲಿ ನಿಧಾನವಾಗಿ ಬಂದದ್ದು ನಗೆ.

"ನೀವೇನಾ! ಎಂಥ ಸಂಕೋಚ ನಿಮ್ಮದು ಓದುಗರೇ. ಇಡೀ ಗುಳ್ಳೆಗೆ ಬೀಜ ಹಾಕಿದ್ದು ನೀವು, ಎದುರು ಕಂಪನಿ ನಿಮ್ಮ ಹಿಂದೆ ಬಂತು. ಬರೀ ಹೊಟ್ಟಾಗಿದ್ರೆ ಅವರು ಬರ್ತಿದ್ರಾ? ಈ ಹಾಸಿನ ಕೆಲಸಕ್ಕೆ ನೀವೇ ಮುಂದಾಳು."

ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. ವಕೀಲರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಬಿಸ್ಕತ್ತಿನ ಪುಡಿ ಅವರ ತುಟಿಯಿಂದ ಉದುರಿ ಅಣ್ಣನ ಹಾಸಿನ ಮೇಲೆ ಬಿತ್ತು. ಓದುಗ ಹಾಸನ್ನು ಕೊಡವಿ, ಮಡಚಿ, ಚೀಲದೊಳಗೆ ತುರುಕಿಕೊಂಡು ಹೊರಗೆ ಹೋದ. ಪಾಯಿಖಾನೆಯ ಬಾಗಿಲು ಹಾಕಿಕೊಂಡು ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿದ.

ಮುಂದಾಳಾಗುವುದಿಲ್ಲ ಎಂದು ಬರೆದುಕೊಟ್ಟ. ಅದನ್ನೂ ಸಂಕೋಚ ಎಂದೇ ತಿಳಿದರು. ಕೆಲಸ ಅವನಿಲ್ಲದೆಯೂ ನಡೆಯಿತು, ಅವನು ಬರೆದಿದ್ದದ್ದು ಅಷ್ಟು ವಿವರವಾಗಿತ್ತು. ನಮೂನೆ ಕೋಣೆಗೆ ಬೀಗ ಬಿತ್ತು. ಹೊಲಿಗೆಯಕ್ಕನನ್ನು ಮಾಲು ಡಬ್ಬಿಗೆ ತುಂಬಿ ಕಟ್ಟುವ ವಿಭಾಗಕ್ಕೆ ಹಾಕಿದರು. ಕಾರಿಡಾರಿನಲ್ಲಿ ಎದುರಾದರೆ ಅವಳು ಗೋಡೆ ನೋಡಿಕೊಂಡು ಹೋಗುತ್ತಿದ್ದಳು. ಒಮ್ಮೆ ಮಾತ್ರ ನಿಂತು, "ತೋರಿಸಿದ ಅಕ್ಕನ್ನೇ ಕಟ್ಟಿಬಿಟ್ರಲ್ಲ ಓದುಗರೇ," ಎಂದು ಹೋದಳು.

ಅಣ್ಣನ ಜಾಲರಿ ಹಾಸುಗಳಲ್ಲಿ ಒಂದು ಚಿಂದಿಯಾಗಿ ಹೋಯಿತು. ಇನ್ನೊಂದರ ನಡುವೆ ತೂತು. ಒಂದು ರಜೆಯ ದಿನ ಮಧ್ಯಾಹ್ನ ಆಫೀಸಿನ ಗಾಡಿ ಬಂದು ಮನೆ ಮುಂದೆ ನಿಂತಿತು. ಬಣ್ಣದ ಡಬ್ಬಿ, ಮೇಲೆ ಗುಳ್ಳೆ ಸಾಹೇಬನ ಶುಭಾಶಯ. ಮೊದಲ ಹಾಸು, ಓದುಗರ ಅಣ್ಣನವರಿಗೆ.

ಅತ್ತಿಗೆ ಡಬ್ಬಿ ಬಿಚ್ಚಿದಳು. ಮನೆಯೆಲ್ಲ ವಾಸನೆ ಅಡರಿತು. ಮಲ್ಲಿಗೆ ಅನ್ನಬೇಕು ಅದನ್ನು. ಸತ್ತ ಇಲಿಯ ಮೇಲೆ ಅತ್ತರು ಚೆಲ್ಲಿದ ಹಾಗಿತ್ತು.

"ಅಯ್ಯಪ್ಪಾ, ಹಳೇ ನಾತವೇ ವಾಸಿ," ಅಂದ ಅಣ್ಣ. "ಯಾವ ಪುಣ್ಯಾತ್ಮನೋ ಇದನ್ನ ಯೋಚನೆ ಮಾಡಿದ್ದು? ಅವನನ್ನ ಕರ್ಕೊಂಡು ಬಾ, ಒಂದು ದಿನ ಇದರ ಮೇಲೆ ಮಲಗಿಸೋಣ."

ಓದುಗ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಹಾಸನ್ನು ಹಜಾರದ ನೆಲದ ಮೇಲೆ ಬಿಡಿಸಿ ಅದರ ಮೇಲೆ ಅಂಗಾತ ಮಲಗಿದ.

"ಏನು ಮಾಡ್ತಿದ್ದೀಯೋ?" ಅಂದಳು ಅತ್ತಿಗೆ.

"ಅವನನ್ನ ಕರ್ಕೊಂಡು ಬಾ ಅಂದ್ನಲ್ಲ ಅಣ್ಣ, ಅತ್ತಿಗೆ. ಬಂದಿದ್ದೀನಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಣ್ಣನಿಗೆ ಆಗಲೇ ಅರ್ಥವಾಗಿತ್ತು. ಅವನು ಮುಖ ಗೋಡೆಗೆ ತಿರುಗಿಸಿಕೊಂಡ. ಎದ್ದೇ ಇರುತ್ತಿದ್ದ ನಾಲಿಗೆ ಮೊದಲ ಸಲ ಮಲಗಿತು.

ಸೆಖೆಯ ದಿನ. ಪ್ಲಾಸ್ಟಿಕ್ಕು ಬೆನ್ನಿಗೆ ಅಂಟಿತು, ಬೆವರು ಕೆಳಗೆ ಮಡುಗಟ್ಟಿತು, ಚರ್ಮ ನೆನೆಯತೊಡಗಿತು. ಬೆನ್ನ ಮೇಲೆ ಯಾರೋ ನಾಲಿಗೆ ಆಡಿಸಿದ ಹಾಗೆ ಒದ್ದೆ ಸರಿದಾಡಿತು. ಅವನು ಹಲ್ಲು ಕಚ್ಚಿಕೊಂಡು ಮಲಗಿಯೇ ಇದ್ದ. ತನಗೆ ಗೊತ್ತಾಗುತ್ತಿದೆ, ಅಣ್ಣನಿಗೆ ಇದು ಗೊತ್ತೂ ಆಗುವುದಿಲ್ಲ ಎಂದುಕೊಂಡ. ಆಗ ಹಾಸು ಕೀರಲು ದನಿಯಲ್ಲಿ ಕೂಗಿತು: "ದಯವಿಟ್ಟು ಗಮನಿಸಿ. ಒದ್ದೆಯಾಗಿದೆ." ಪಕ್ಕದಿಂದ ಪುಸಕ್ಕನೆ ಮಲ್ಲಿಗೆ ಬಂತು. ಮತ್ತೆ ಕೂಗಿತು, ಮತ್ತೆ ಮಲ್ಲಿಗೆ. ಪ್ರತಿ ಮಾತೂ ಅವನದೇ, ಊಟದ ಹೊತ್ತಿನಲ್ಲಿ ಕೂತು ಬರೆದದ್ದು.

"ಏಳು," ಅಂದಳು ಅತ್ತಿಗೆ. ಅವಳ ದನಿಯಲ್ಲಿ ಸಿಟ್ಟಿಗಿಂತ ಹೇವರಿಕೆಯೇ ಹೆಚ್ಚಿತ್ತು. ಹಾಸಿನ ಮೇಲೋ ಅವನ ಮೇಲೋ ಹೇಳುವುದು ಕಷ್ಟ. "ಎದ್ದು ಆ ದರಿದ್ರಾನ ಬೀದಿಗೆ ಹಾಕು. ಒಗೆಯೋಕೂ ಬರಲ್ಲ ಅದು. ಆಮೇಲೆ ಇಲ್ಲಿ ಬಂದು ನಿಮ್ಮಣ್ಣನ್ನ ಹಿಡ್ಕೋ."

ಅವನು ಎದ್ದ. ಬೆನ್ನಿನಿಂದ ಪ್ಲಾಸ್ಟಿಕ್ಕು ಸಿಪ್ಪೆಯ ಹಾಗೆ ಸುಲಿದುಕೊಂಡಿತು. ಸುತ್ತಿ ಎತ್ತಿಕೊಂಡು ಹೋಗಿ ಬೀದಿ ಕೊನೆಯ ತೊಟ್ಟಿಗೆ ಎಸೆದ. ತೊಟ್ಟಿಯೊಳಗಿಂದಲೂ ಅದು ದಯವಿಟ್ಟು ಗಮನಿಸಿ ಎಂದು ಕೂಗುತ್ತಲೇ ಇತ್ತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ, ಮೂಗು ಮುಚ್ಚಿಕೊಂಡು ಹೋದರು.

ವಾಪಸ್ಸು ಬಂದು ಕೈ ತೊಳೆದ. ಅತ್ತಿಗೆ ಅಣ್ಣನ ಭುಜ ಹಿಡಿದಳು, ಅವನು ಸೊಂಟ ಹಿಡಿದ, ಇಬ್ಬರೂ ಸೇರಿ ಪಕ್ಕಕ್ಕೆ ಹೊರಳಿಸಿದರು. ಹಳೆಯ ಹುಣ್ಣಿನ ಜಾಗದಲ್ಲಿ, ಆ ತೆಳ್ಳನೆಯ ಗುಲಾಬಿ ಚರ್ಮದ ನಡುವೆ, ಕೆಂಪಗೆ ಒಂದು ಗುಳ್ಳೆ ಎದ್ದಿತ್ತು. ಇನ್ನೂ ಒಡೆದಿರಲಿಲ್ಲ.

"ಹಾಸಿಲ್ಲ ಅಂದ್ರೆ ಕೈಯೇ ಗತಿ," ಅಂದಳು ಅತ್ತಿಗೆ. "ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಹಗಲು ನಾನು ನೋಡ್ಕೋತೀನಿ. ರಾತ್ರಿ ನಿನ್ನದು. ಇನ್ನು ನಿನಗೆ ನಿದ್ದೆ ಅನ್ನೋದಿಲ್ಲ, ತಿಳ್ಕೋ."

"ಸರಿ ಅತ್ತಿಗೆ."

"ಏನು ನೋಡ್ತಿದ್ದೀಯೋ ಅಷ್ಟು ಹೊತ್ತಿಂದ?" ಅಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ. "ಹೇಗಿದೆ?"

ಓದುಗನ ಬಾಯಿಗೆ ಸುಲಭದ ಮಾತೊಂದು ಬಂತು. ಅದನ್ನು ನುಂಗಿಕೊಂಡ.

"ಕೆಂಪಗಿದೆ ಅಣ್ಣ," ಅಂದ. "ಊದ್ತಾ ಇದೆ."